‘ಜೈಂಟ್ ಸೆಲ್’ ಎಂದ ರಿಪೋರ್ಟ್ ಅರ್ಧ ಉತ್ತರವಷ್ಟೇ: ವಸಡು ಮತ್ತು ದವಡೆಯ ದೈತ್ಯಕೋಶ ಗಂಟುಗಳು

ವಸಡಿನ ಮೇಲೆ ನೇರಳೆ ಹಣ್ಣಿನ ಬಣ್ಣದ ಗಂಟು. ದಂತವೈದ್ಯರು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಕೆಲ ದಿನಗಳಲ್ಲಿ ರಿಪೋರ್ಟ್ ಕೈಸೇರುತ್ತದೆ: ‘ಜೈಂಟ್ ಸೆಲ್ ಗ್ರಾನುಲೋಮ’. ಈ ಹೆಸರು ಎರಡು ಕಡೆ ದಾರಿ ತಪ್ಪಿಸುತ್ತದೆ. ಗ್ರಾನುಲೋಮ ಎಂದೊಡನೆ ನಮ್ಮಲ್ಲಿ ಟಿಬಿ ನೆನಪಾಗುತ್ತದೆ. ಜೈಂಟ್ ಸೆಲ್ ಎಂದು ಮೊಬೈಲಿನಲ್ಲಿ ಹುಡುಕಿದರೆ ಮೊಣಕಾಲಿನ ಮೂಳೆ ತಿನ್ನುವ ಜೈಂಟ್ ಸೆಲ್ ಟ್ಯೂಮರ್ ಎದುರಾಗುತ್ತದೆ. ಇದು ಅದೂ ಅಲ್ಲ, ಇದೂ ಅಲ್ಲ. ಕ್ಯಾನ್ಸರ್ ಅಂತೂ ಅಲ್ಲವೇ ಅಲ್ಲ.

ಆದರೆ ಇಲ್ಲಿಗೆ ನಿಟ್ಟುಸಿರು ಬಿಟ್ಟು ಫೈಲು ಮುಚ್ಚುವಂತಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಇದೇ ಚಿತ್ರ ತೋರಿಸುವ ಕಾಯಿಲೆಗಳು ಕನಿಷ್ಠ ನಾಲ್ಕೈದಿವೆ. ಅವುಗಳಲ್ಲಿ ಒಂದರ ಬೇರು ಬಾಯಲ್ಲಿಲ್ಲ, ಕತ್ತಿನಲ್ಲಿದೆ. ಯಾವುದು ಯಾವುದೆಂದು ತೀರ್ಮಾನಿಸಲು ಗಂಟು ಎಲ್ಲಿ ಹುಟ್ಟಿತು, ಎಕ್ಸ್‌ರೇ ಏನು ಹೇಳುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂಬ ಮೂರೂ ಬೇಕು. ಸ್ಲೈಡ್ ಒಂದೇ ಸಾಲದು.

ಆ ದೈತ್ಯಕೋಶಗಳು ಯಾವುವು

ಸ್ಲೈಡಿನಲ್ಲಿ ಕಾಣುವುದು ಇಷ್ಟು: ದುಂಡಗಿನ ಅಥವಾ ಕದಿರಿನಾಕಾರದ, ಒಂದೇ ನ್ಯೂಕ್ಲಿಯಸ್ ಇರುವ ಕೋಶಗಳ ರಾಶಿ, ರಕ್ತನಾಳದಿಂದ ಹೊರಚೆಲ್ಲಿದ ಕೆಂಪು ಕಣಗಳು, ಹಳೆಯ ರಕ್ತ ಬಿಟ್ಟುಹೋದ ಕಂದು ಬಣ್ಣದ ಕಬ್ಬಿಣದ ಕಲೆ. ರಕ್ತ ಚೆಲ್ಲಿದ ಕಡೆಗಳಲ್ಲೇ ಹೆಚ್ಚಾಗಿ ಗುಂಪುಗೂಡಿದ ದೊಡ್ಡ ಕೋಶಗಳು, ಒಂದೊಂದರಲ್ಲೂ ಐದಾರರಿಂದ ಇಪ್ಪತ್ತರವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ನ್ಯೂಕ್ಲಿಯಸ್‌ಗಳು. ಟಿಬಿಯ ದೈತ್ಯಕೋಶದಲ್ಲಿ ಇವು ಕುದುರೆಲಾಳದಂತೆ ಅಂಚಿಗೆ ಸಾಲುಗಟ್ಟುತ್ತವೆ, ಪಕ್ಕದಲ್ಲಿ ಗಿಣ್ಣುಗಟ್ಟಿದಂತೆ ಸತ್ತ ಭಾಗವಿರುತ್ತದೆ. ಇಲ್ಲಿ ನ್ಯೂಕ್ಲಿಯಸ್‌ಗಳು ಕೋಶದ ತುಂಬ ಹರಡಿರುತ್ತವೆ, ಗಿಣ್ಣು ಇರುವುದಿಲ್ಲ. ಏಕೆಂದರೆ ಇವು ಆಸ್ಟಿಯೋಕ್ಲಾಸ್ಟ್ ಜಾತಿಯವು, ಅಂದರೆ ಮೂಳೆ ಕರಗಿಸುವುದನ್ನೇ ಕಸುಬಾಗಿಸಿಕೊಂಡ ಕೋಶಗಳು.

ತಮಾಷೆಯೆಂದರೆ ಕಾಯಿಲೆಗೆ ಹೆಸರು ಕೊಟ್ಟ ಈ ದೈತ್ಯರು ಕೇವಲ ಕೂಲಿಯಾಳುಗಳು. ಕೆಲಸ ಮಾಡಿಸುವ ಮೇಸ್ತ್ರಿಗಳು ಸುತ್ತಲಿನ ಒಂಟಿ ನ್ಯೂಕ್ಲಿಯಸ್ ಕೋಶಗಳು. ಅವು ರ‍್ಯಾಂಕ್-ಎಲ್ ಎಂಬ ಪ್ರೋಟೀನಿನ ಮೂಲಕ ಕರೆ ಕಳಿಸುತ್ತವೆ. ರಕ್ತದಿಂದ ಬಂದ ಪೂರ್ವಕೋಶಗಳು ಒಂದಕ್ಕೊಂದು ಬೆಸೆದು ದೈತ್ಯರಾಗಿ ಮೂಳೆಗೆ ಬಾಯಿ ಹಾಕುತ್ತವೆ. ಮುಂದೆ ಹೇಳಲಿರುವ ಔಷಧಗಳಲ್ಲಿ ಕೆಲವು ಕೂಲಿಯವರನ್ನು ಮನೆಗೆ ಕಳಿಸುತ್ತವೆಯೇ ಹೊರತು ಮೇಸ್ತ್ರಿಯನ್ನು ಮುಟ್ಟುವುದಿಲ್ಲ. ಔಷಧ ನಿಲ್ಲಿಸಿದ ಮೇಲೆ ಗಂಟು ಮತ್ತೆ ಬೆಳೆಯುವುದಕ್ಕೆ ಇದೇ ಕಾರಣ.

1953ರಲ್ಲಿ ನ್ಯೂಯಾರ್ಕಿನ ಮೂಳೆರೋಗ ತಜ್ಞ ಹೆನ್ರಿ ಜಾಫೆ ದವಡೆಯ ಈ ಗಂಟನ್ನು ಉದ್ದ ಮೂಳೆಗಳ ಟ್ಯೂಮರಿನಿಂದ ಬೇರ್ಪಡಿಸಿ ‘ರಿಪೇರೇಟಿವ್ ಗ್ರಾನುಲೋಮ’ ಎಂದು ಕರೆದರು. ಪೆಟ್ಟಿಗೆ ದೇಹ ಮಾಡಿಕೊಳ್ಳುವ ದುರಸ್ತಿ ಎಂಬುದು ಅಂದಿನ ಊಹೆ. ಆದರೆ ಇದು ದುರಸ್ತಿ ಮಾಡುವುದಿಲ್ಲ, ಕೆಡವುತ್ತದೆ. ಹಾಗಾಗಿ ‘ರಿಪೇರೇಟಿವ್’ ಪದ ಬಿದ್ದುಹೋಯಿತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಥ ಗಂಟುಗಳಲ್ಲಿ ಹತ್ತಕ್ಕೆ ಸುಮಾರು ಏಳರಲ್ಲಿ ಟಿಆರ್‌ಪಿವಿ4, ಕೆ-ರಾಸ್ ಅಥವಾ ಎಫ್‌ಜಿಎಫ್‌ಆರ್1 ಜೀನಿನ ಬದಲಾವಣೆಗಳನ್ನು ತೋರಿಸಿತು. ಗಂಟಿನ ಕೋಶಗಳಲ್ಲಷ್ಟೇ ಆದ ಬದಲಾವಣೆ ಇದು, ಮಕ್ಕಳಿಗೆ ದಾಟುವಂಥದ್ದಲ್ಲ. ಮೊಣಕಾಲಿನ ಟ್ಯೂಮರಿನಲ್ಲಿ ಸಿಗುವ ಎಚ್3ಎಫ್3ಎ ಜೀನಿನ ಬದಲಾವಣೆ ದವಡೆಯ ಗ್ರಾನುಲೋಮದಲ್ಲಿ ಇರುವುದಿಲ್ಲ. ಗೊಂದಲವಾದಾಗ ಎರಡನ್ನೂ ಬೇರ್ಪಡಿಸಲು ಇದು ನೆರವಾಗುತ್ತದೆ.

ವಸಡಿನ ಮೇಲೆ ಏಳುವುದು

ಇದನ್ನು ಪೆರಿಫೆರಲ್ ಜೈಂಟ್ ಸೆಲ್ ಗ್ರಾನುಲೋಮ ಎನ್ನುತ್ತಾರೆ. ಹಲ್ಲನ್ನು ಮೂಳೆಗೆ ಹಿಡಿದಿಡುವ ನಾರುಪದರದಿಂದಲೋ ಮೂಳೆಯ ಮೇಲ್ಪೊರೆಯಿಂದಲೋ ಹುಟ್ಟುವುದರಿಂದ ಇದಕ್ಕೆ ಎರಡೇ ಜಾಗ: ವಸಡು, ಇಲ್ಲವೇ ಹಲ್ಲು ಹೋಗಿ ಬೋಳಾದ ದವಡೆಯ ದಿಣ್ಣೆ. ಕೆನ್ನೆಯ ಒಳಭಾಗದಲ್ಲೋ ನಾಲಿಗೆಯ ಮೇಲೋ ಇಂಥ ಗಂಟು ಕಂಡರೆ ಅದು ಬೇರೇನೋ. ಮೇಲಿನದಕ್ಕಿಂತ ಕೆಳದವಡೆಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ತುಸು ಹೆಚ್ಚು. ಯಾವ ವಯಸ್ಸಿನಲ್ಲೂ ಬರಬಹುದು, ನಲವತ್ತು ದಾಟಿದವರಲ್ಲಿ ಹೆಚ್ಚಾಗಿ ಕಾಣುತ್ತದೆ. ಗಾತ್ರ ಸಾಮಾನ್ಯವಾಗಿ 2 ಸೆಂ.ಮೀ. ಒಳಗೆ. ನೋವು ಅಪರೂಪ. ಎದುರು ಹಲ್ಲು ತಾಗಿ ಮೇಲ್ಮೈ ಹುಣ್ಣಾಗಿ ಬ್ರಷ್ ಮಾಡುವಾಗ ರಕ್ತ ಬರುವುದೇ ಹೆಚ್ಚಿನವರು ಹೇಳುವ ದೂರು. ಹಲ್ಲಿನ ಗಾರೆ, ಒರಟು ಅಂಚಿನ ಫಿಲ್ಲಿಂಗ್, ಸರಿಯಾಗಿ ಕೂರದ ಹಲ್ಲುಸೆಟ್ಟು, ಹಲ್ಲು ಕಿತ್ತ ಗಾಯ, ಈಚೆಗೆ ಇಂಪ್ಲಾಂಟ್ (ಮೂಳೆಗೆ ಸ್ಕ್ರೂ ಹಾಕಿ ಕೂರಿಸುವ ಕೃತಕ ಹಲ್ಲು), ಹೀಗೆ ಸದಾ ಕೆರಳಿಸುವ ಏನಾದರೊಂದು ಪಕ್ಕದಲ್ಲಿ ಇರುವುದುಂಟು.

ವಸಡಿನ ಗಂಟುಗಳಲ್ಲಿ ಒಂದನ್ನೊಂದು ಹೋಲುವ ಮೂರು ಸಾಮಾನ್ಯ. ಗರ್ಭಿಣಿಯರಲ್ಲಿ ಹೆಚ್ಚು ಕಾಣುವ ಪಯೋಜೆನಿಕ್ ಗ್ರಾನುಲೋಮ ಕಡುಗೆಂಪು, ಮೆತ್ತಗೆ, ಮುಟ್ಟಿದರೆ ರಕ್ತ. ಪೆರಿಫೆರಲ್ ಆಸಿಫೈಯಿಂಗ್ ಫೈಬ್ರೋಮ ಹರೆಯದವರಲ್ಲಿ, ಎರಡು ಹಲ್ಲುಗಳ ನಡುವಿನ ವಸಡಿನ ತುದಿಯಿಂದ, ತಿಳಿಗುಲಾಬಿ ಬಣ್ಣದಲ್ಲಿ ಗಟ್ಟಿಯಾಗಿ ಏಳುತ್ತದೆ. ದೈತ್ಯಕೋಶದ್ದು ನೀಲಿ ಬೆರೆತ ನೇರಳೆ. ಒಳಗೆ ಚೆಲ್ಲಿದ ರಕ್ತವೂ ಕಬ್ಬಿಣದ ಕಲೆಯೂ ಆ ಬಣ್ಣ ಕೊಡುತ್ತವೆ. ಬಣ್ಣ ನೋಡಿ ಊಹಿಸಬಹುದು, ಆಣೆ ಮಾಡಿ ಹೇಳುವಂತಿಲ್ಲ. ಅಡಿಕೆ, ಹೊಗೆಸೊಪ್ಪು, ಗುಟ್ಕಾ ಬಾಯಲ್ಲಿ ಇಟ್ಟುಕೊಳ್ಳುವ ರೂಢಿ ಇರುವ ನಮ್ಮ ಕಡೆ ವಸಡಿನ ಕ್ಯಾನ್ಸರ್ ಅಪರೂಪವಲ್ಲ. ಶ್ವಾಸಕೋಶ, ಮೂತ್ರಪಿಂಡ, ಸ್ತನದ ಕ್ಯಾನ್ಸರ್ ಹರಡಿ ವಸಡಿನಲ್ಲಿ ಇದೇ ವೇಷದಲ್ಲಿ ತಲೆ ಎತ್ತುವುದೂ ಇದೆ. ಆದ್ದರಿಂದ ತೆಗೆದ ತುಂಡು ಕಸದ ಬುಟ್ಟಿಗಲ್ಲ, ಲ್ಯಾಬಿಗೇ ಹೋಗಬೇಕು.

ತೆಗೆಯುವ ಮುನ್ನ ಆ ಜಾಗದ ಎಕ್ಸ್‌ರೇ ಬೇಕೇ ಬೇಕು. ವಸಡಿನದಾದರೆ ಕೆಳಗಿನ ಮೂಳೆಯ ಮೇಲ್ಮೈ ಬಟ್ಟಲಿನಂತೆ ತುಸು ತಗ್ಗಾಗಿರಬಹುದು, ಅಷ್ಟೆ. ಮೂಳೆಯೊಳಗೇ ದೊಡ್ಡ ಕಪ್ಪು ಖಾಲಿ ಕಂಡರೆ ಕತೆ ಬೇರೆ: ಒಳಗಿನ ಗಂಟು ಮೂಳೆ ಕೊರೆದು ವಸಡಿನಲ್ಲಿ ಇಣುಕಿದೆ ಎಂದರ್ಥ. ಎಕ್ಸ್‌ರೇ ಇಲ್ಲದೆ ಮೇಲಿನ ತಲೆಯನ್ನಷ್ಟೇ ಕೊಯ್ದರೆ ಕೆಲ ತಿಂಗಳಲ್ಲಿ ಅದು ಮತ್ತೆ ಹಾಜರು.

ಶಸ್ತ್ರಕ್ರಿಯೆ ಚಿಕ್ಕದು, ಸ್ಥಳೀಯ ಅರಿವಳಿಕೆ ಸಾಕು. ಗಂಟಿನ ಸುತ್ತ ಸುಮಾರು 2 ಮಿ.ಮೀ. ಆರೋಗ್ಯವಂತ ವಸಡನ್ನು ಸೇರಿಸಿ ಮೂಳೆಯವರೆಗೂ ಕೊಯ್ದು, ಮೇಲ್ಪೊರೆಯ ಸಮೇತ ಎತ್ತುತ್ತಾರೆ. ಬುಡದ ಮೂಳೆಯನ್ನು ಚಮಚದಂಥ ಸಲಕರಣೆಯಾದ ಕ್ಯುರೆಟ್‌ನಿಂದ ಕೆರೆದು, ಪಕ್ಕದ ಹಲ್ಲುಗಳ ಬೇರಿನ ಗಾರೆ ತೆಗೆದು ನುಣುಪು ಮಾಡುತ್ತಾರೆ. ಮರುಕಳಿಕೆ ಸುಮಾರು ಶೇ. 10. ಹೆಚ್ಚಾಗಿ ಕಾರಣ ಎರಡರಲ್ಲೊಂದು: ಮೇಲ್ಪೊರೆ ಅಥವಾ ಹಲ್ಲಿನ ನಾರುಪದರದಲ್ಲಿ ಬುಡ ಉಳಿದಿರುವುದು, ಇಲ್ಲವೇ ಕೆರಳಿಸುತ್ತಿದ್ದ ಗಾರೆ ಹಾಗೇ ಕೂತಿರುವುದು. ಹಲ್ಲು ಕೀಳುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಎರಡು ಮೂರು ಸಲ ಮರುಕಳಿಸಿ, ಹಲ್ಲೂ ಅಲ್ಲಾಡುತ್ತಿದ್ದರೆ ಆ ಮಾತು ಬರುತ್ತದೆ. ಇಂಪ್ಲಾಂಟ್ ಸುತ್ತ ಬಂದದ್ದು ಹಲ್ಲಿನ ಸುತ್ತ ಬಂದದ್ದಕ್ಕಿಂತ ಹಟಮಾರಿ. ಸ್ಕ್ರೂವಿನ ಎಳೆಗಳ ನಡುವೆ ಕೆರೆಯುವುದು ಸುಲಭವಲ್ಲ, ಕೆಲವೊಮ್ಮೆ ಇಂಪ್ಲಾಂಟನ್ನೇ ತೆಗೆಯಬೇಕಾಗುತ್ತದೆ.

ಲ್ಯಾಬಿಗೆ ಕಳಿಸುವಾಗ ಆಗುವ ಯಡವಟ್ಟುಗಳನ್ನೂ ಹೇಳಿಬಿಡುವುದು ಒಳ್ಳೆಯದು. ತುಂಡು ಬೀಳಬೇಕಾದ್ದು ಅದನ್ನು ಕೆಡದಂತೆ ಇಡುವ 10 ಶೇಕಡ ಫಾರ್ಮಲಿನ್‌ಗೆ, ತುಂಡಿನ ಗಾತ್ರದ ಕನಿಷ್ಠ ಹತ್ತು ಪಟ್ಟು ದ್ರವಕ್ಕೆ. ಸಲೈನ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ನಡೆಯುವುದಿಲ್ಲ. ಇಂಜೆಕ್ಷನ್ ಸೀಸೆಯ ಕಿರಿಬಾಯಿಯಲ್ಲಿ ತುರುಕಿದ ಮೆತ್ತನೆಯ ತುಂಡು ಫಾರ್ಮಲಿನ್‌ನಲ್ಲಿ ಗಟ್ಟಿಯಾಗಿ ಹೊರಬರುವುದೇ ಇಲ್ಲ. ಹೆಸರಿನ ಚೀಟಿ ಮುಚ್ಚಳಕ್ಕಲ್ಲ, ಡಬ್ಬಿಯ ಮೈಗೆ ಅಂಟಿಸಬೇಕು. ಚಿಕ್ಕ ತುಂಡನ್ನು ಕಾಟರಿ (ಬಿಸಿಯಿಂದ ಸುಟ್ಟು ಕೊಯ್ಯುವ ಸಲಕರಣೆ) ಅಥವಾ ಲೇಸರ್‌ನಿಂದ ತೆಗೆದರೆ ಅಂಚು ಸುಟ್ಟು ಓದಲಾಗದಂತಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಎಕ್ಸ್‌ರೇಯ ಪ್ರತಿ ಜೊತೆಗಿರಲಿ. ಅದಿಲ್ಲದಿದ್ದರೆ ಸ್ಲೈಡ್ ಓದುವ ಪೆಥಾಲಜಿಸ್ಟ್ ಕಂಡದ್ದನ್ನು ಕಂಡಂತೆ ‘ಜೈಂಟ್ ಸೆಲ್ ಲೀಶನ್’ ಎಂದಷ್ಟೇ ಬರೆಯಬಲ್ಲರು.

ಮೂಳೆಯೊಳಗೆ ಬೆಳೆಯುವುದು

ಸೆಂಟ್ರಲ್ ಜೈಂಟ್ ಸೆಲ್ ಗ್ರಾನುಲೋಮದ ಸ್ವಭಾವ ಬೇರೆ. ಬಹುಪಾಲು ರೋಗಿಗಳು 30ರೊಳಗಿನವರು, ಹೆಂಗಸರು ಹೆಚ್ಚು. ಸುಮಾರು ಶೇ. 70 ಕೆಳದವಡೆಯಲ್ಲಿ, ಅದರಲ್ಲೂ ಮೊದಲ ದವಡೆಹಲ್ಲಿನ ಮುಂದಿನ ಭಾಗದಲ್ಲಿ. ಮುಂಬಾಯಿಯ ನಡುಗೆರೆ ದಾಟಿ ಆಚೆ ಬದಿಗೆ ಹಬ್ಬುವುದು ಇದರ ಒಂದು ಗುರುತು. ಎಷ್ಟೋ ಸಲ ಗೊತ್ತಾಗುವುದು ಬೇರೆ ಯಾವುದಕ್ಕೋ, ಕ್ಲಿಪ್ ಹಾಕಿಸಲೆಂದು ತೆಗೆಸಿದ ಒಪಿಜಿಯಲ್ಲಿ, ಅಂದರೆ ಎರಡೂ ದವಡೆಗಳನ್ನು ಒಟ್ಟಿಗೆ ತೋರಿಸುವ ಎಕ್ಸ್‌ರೇಯಲ್ಲಿ. ಆರಂಭದಲ್ಲಿ ಒಂದೇ ಕೋಣೆಯ ಕಪ್ಪು ಖಾಲಿ. ದೊಡ್ಡದಾದಂತೆ ತೆಳ್ಳನೆಯ ಮಸುಕು ಗೋಡೆಗಳ ಹಲವು ಕೋಣೆ. ಹಲ್ಲಿನ ಬೇರುಗಳು ಪಕ್ಕಕ್ಕೆ ಸರಿದಿರುತ್ತವೆ ಅಥವಾ ಕರಗಿರುತ್ತವೆ.

ಚಿಕ್ಕದಿದ್ದು ಬೇರಿನ ತುದಿಯಲ್ಲೇ ಕೂತಿದ್ದರೆ ಅದು ಥೇಟ್ ಹುಳುಕು ಹಲ್ಲಿನ ಕೀವುಗಂಟಿನಂತೆ ಕಾಣುತ್ತದೆ. ಇಲ್ಲಿ ಆಗುವ ತಪ್ಪು ಗೊತ್ತಿರುವಂಥದ್ದೇ: ರೂಟ್ ಕೆನಾಲ್ ಮಾಡುತ್ತಾರೆ, ಖಾಲಿ ಮಾತ್ರ ದೊಡ್ಡದಾಗುತ್ತಲೇ ಹೋಗುತ್ತದೆ. ತಪ್ಪಿಸುವ ದಾರಿ ಎರಡು ನಿಮಿಷದ ಕೆಲಸ. ತಣ್ಣನೆಯ ಸ್ಪರ್ಶ ಅಥವಾ ವಿದ್ಯುತ್ ಪರೀಕ್ಷೆಯಿಂದ ಹಲ್ಲಿನ ನರ ಜೀವಂತವಿದೆಯೇ ನೋಡುವುದು. ಹುಳುಕಿಲ್ಲದ, ನರ ಜೀವಂತವಿರುವ ಹಲ್ಲಿನ ತುದಿಯಲ್ಲಿ ಅಷ್ಟು ದೊಡ್ಡ ಖಾಲಿ ಇದ್ದರೆ ಡ್ರಿಲ್ ಕೆಳಗಿಟ್ಟು ಬಯಾಪ್ಸಿಯ ಯೋಚನೆ ಮಾಡಬೇಕು.

ಆ ಬಯಾಪ್ಸಿಗೂ ಮುಂಚೆ ಒಂದು ಕಟ್ಟುನಿಟ್ಟು: ಮೊದಲು ಸೂಜಿ ಚುಚ್ಚಿ ಎಳೆದು ನೋಡುವುದು. ಸಿರಿಂಜಿಗೆ ಕಡುಗೆಂಪು ರಕ್ತ ತಾನಾಗಿಯೇ ಒತ್ತಿಕೊಂಡು ಬಂದರೆ ಅದು ರಕ್ತನಾಳಗಳ ಗೊಂಚಲಿರಬಹುದು, ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೊಯ್ದರೆ ಜೀವಕ್ಕೇ ಅಪಾಯ. ದೈತ್ಯಕೋಶದ ಗಂಟೂ ರಕ್ತ ಸುರಿಸುತ್ತದೆ, ಆದರೆ ಆ ಒತ್ತಡದಲ್ಲಲ್ಲ.

ಮುಂದಿನ ಪ್ರಶ್ನೆ ಗಂಟು ಸಾಧುವೋ ರೌದ್ರವೋ ಎಂಬುದು. 1986ರಿಂದ ಬಳಕೆಯಲ್ಲಿರುವ ಅಳತೆಗೋಲಿನಲ್ಲಿ ನೋವು, ಬೇಗನೆ ಬೆಳೆಯುವುದು, 5 ಸೆಂ.ಮೀ. ದಾಟಿದ ಗಾತ್ರ, ಬೇರು ಕರಗಿಸಿರುವುದು, ಮೂಳೆಯ ಹೊರಗೋಡೆ ತೂತಾಗಿರುವುದು, ಒಮ್ಮೆ ತೆಗೆದ ಮೇಲೆ ಮರಳಿರುವುದು ಇವೆಲ್ಲ ರೌದ್ರದ ಲಕ್ಷಣ. ಸ್ಲೈಡ್ ನೋಡಿ ಇದನ್ನು ಖಚಿತವಾಗಿ ಹೇಳಲು ಆಗದು. ಹೊರಗೋಡೆ ಎಷ್ಟು ಉಳಿದಿದೆ ಎಂದು ಅಳೆಯಲು ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಬೇಕು. ಒಪಿಜಿ ಚಪ್ಪಟೆ ಚಿತ್ರ, ದಪ್ಪ ತೋರಿಸುವುದಿಲ್ಲ.

ಚಿಕ್ಕ ಮಕ್ಕಳಲ್ಲಿ ಎರಡೂ ಬದಿಯ ದವಡೆ ಸಮವಾಗಿ ಊದಿದರೆ ಅದು ಚೆರುಬಿಸಂ ಇರಬಹುದು. ಎಸ್‌ಎಚ್3ಬಿಪಿ2 ಜೀನಿನಿಂದ ಬರುವ ಈ ಆನುವಂಶಿಕ ಸ್ಥಿತಿ ಎರಡರಿಂದ ಐದು ವರ್ಷದೊಳಗೆ ಶುರುವಾಗಿ ಹರೆಯದ ನಂತರ ತಾನೇ ತಗ್ಗುತ್ತದೆ, ಆದ್ದರಿಂದ ಅಲ್ಲಿ ಚಾಕುವಿಗೆ ಅವಸರವಿಲ್ಲ. ಒಂದಕ್ಕಿಂತ ಹೆಚ್ಚು ಗಂಟುಗಳಿದ್ದರೆ ನೂನನ್ ಸಿಂಡ್ರೋಮ್, ನ್ಯೂರೋಫೈಬ್ರೊಮಾಟೋಸಿಸ್ ಎಂಬ ಜೀನ್ ಕಾಯಿಲೆಗಳು ಕೂಡ ತಲೆಯಲ್ಲಿರಲಿ.

ಕತ್ತಿನ ನಾಲ್ಕು ಅಕ್ಕಿಕಾಳು

ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಅಂಟಿಕೊಂಡ, ಅಕ್ಕಿಕಾಳಿನಷ್ಟು ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ರಕ್ತದ ಕ್ಯಾಲ್ಸಿಯಂ ಕಾಯುತ್ತವೆ. ಒಂದರಲ್ಲಿ ಗೆಡ್ಡೆ ಬೆಳೆದು ಪಿಟಿಎಚ್ ಹಾರ್ಮೋನು ಮಿತಿಮೀರಿದರೆ ಮೂಳೆಯ ಕೋಶಗಳು ಅದೇ ರ‍್ಯಾಂಕ್-ಎಲ್ ಕರೆ ಕಳಿಸುತ್ತವೆ, ಆಸ್ಟಿಯೋಕ್ಲಾಸ್ಟ್‌ಗಳು ಮುಗಿಬೀಳುತ್ತವೆ, ಮೂಳೆ ಕರಗಿದ ಕಡೆ ರಕ್ತ ಚೆಲ್ಲಿ ಗಂಟಾಗುತ್ತದೆ. ಇದು ಬ್ರೌನ್ ಟ್ಯೂಮರ್. ಹಳೆಯ ರಕ್ತದ ಕಂದು ಬಣ್ಣವೇ ಹೆಸರಿಗೆ ಕಾರಣ. ಸ್ಲೈಡಿನಲ್ಲಿ ಇದಕ್ಕೂ ದೈತ್ಯಕೋಶ ಗ್ರಾನುಲೋಮಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಡಯಾಲಿಸಿಸ್‌ನಲ್ಲಿರುವ ಮೂತ್ರಪಿಂಡ ರೋಗಿಗಳಲ್ಲೂ ಇದೇ ಆಗುತ್ತದೆ: ಅಲ್ಲಿ ಗ್ರಂಥಿಗಳು ರಕ್ತದ ಅಸಮತೋಲನಕ್ಕೆ ಉತ್ತರವಾಗಿ ಊದಿಕೊಂಡಿರುತ್ತವೆ.

ದವಡೆಯ ದೊಡ್ಡ ಶಸ್ತ್ರಕ್ರಿಯೆಗೆ ಮುನ್ನ ರಕ್ತಪರೀಕ್ಷೆ ಮಾಡದೆ ಹೋಗುವುದು ಈ ವಿಷಯದಲ್ಲಿ ಆಗಬಹುದಾದ ಅತಿ ದುಬಾರಿ ತಪ್ಪು. ದವಡೆ ಕೊಯ್ದೂ ಕಾಯಿಲೆ ಹಾಗೇ ಉಳಿಯುತ್ತದೆ, ಮತ್ತೊಂದು ಮೂಳೆಯಲ್ಲಿ ಗಂಟೇಳುತ್ತದೆ. ಬೇಕಾದ ಪಟ್ಟಿ ಚಿಕ್ಕದು: ಕ್ಯಾಲ್ಸಿಯಂ, ಆಲ್ಬುಮಿನ್, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್, ವಿಟಮಿನ್ ಡಿ, ಪಿಟಿಎಚ್. ವಸಡಿನ ಚಿಕ್ಕ ಗಂಟಿಗೆ ಎಲ್ಲರಿಗೂ ಇಷ್ಟು ಬೇಡವೆನ್ನುವವರೂ ಇದ್ದಾರೆ. ಆದರೆ ಮರುಕಳಿಸಿದರೆ, ಒಂದಕ್ಕಿಂತ ಹೆಚ್ಚಿದ್ದರೆ, ಕಿಡ್ನಿ ಕಲ್ಲಿನ ಚರಿತ್ರೆ ಇದ್ದರೆ ಬಿಡಬಾರದು. ಮೂಳೆಯೊಳಗಿನದಕ್ಕಂತೂ ವಯಸ್ಸು ಎಷ್ಟೇ ಇರಲಿ, ಕಡ್ಡಾಯ.

ಸಂಖ್ಯೆ ಓದುವುದರಲ್ಲಿ ಮೂರು ಬಲೆಗಳಿವೆ. ಕ್ಯಾಲ್ಸಿಯಂನ ಸಾಮಾನ್ಯ ಮಿತಿ ಡೆಸಿಲೀಟರಿಗೆ 8.5ರಿಂದ 10.5 ಮಿ.ಗ್ರಾಂ. ರಕ್ತದಲ್ಲಿ ಕ್ಯಾಲ್ಸಿಯಂ ಹೊತ್ತೊಯ್ಯುವ ಪ್ರೋಟೀನಾದ ಆಲ್ಬುಮಿನ್ ಡೆಸಿಲೀಟರಿಗೆ 4 ಗ್ರಾಂಗಿಂತ ಕಡಿಮೆಯಿದ್ದರೆ ಕಡಿಮೆಯಾದ ಪ್ರತಿ 1 ಗ್ರಾಂಗೆ 0.8 ಕೂಡಿಸಬೇಕು. ಕ್ಯಾಲ್ಸಿಯಂ 10, ಆಲ್ಬುಮಿನ್ 3 ಎಂದಿದ್ದರೆ ನಿಜವಾದ ಲೆಕ್ಕ 10.8, ಅಂದರೆ ಹೆಚ್ಚು. ಎರಡನೆಯದು ವಿಟಮಿನ್ ಡಿ. ಬಿಸಿಲಿನ ನಾಡಿನಲ್ಲೂ ಅದರ ಕೊರತೆ ನಮ್ಮಲ್ಲಿ ವ್ಯಾಪಕ. ಕೊರತೆ ಇದ್ದಾಗ ಪ್ಯಾರಾಥೈರಾಯ್ಡ್ ಗೆಡ್ಡೆ ಇದ್ದರೂ ಕ್ಯಾಲ್ಸಿಯಂ ಮಿತಿಯೊಳಗೇ ಕಾಣಬಹುದು. ಮೂರನೆಯದು ಪಿಟಿಎಚ್. ಕ್ಯಾಲ್ಸಿಯಂ ಏರಿದಾಗ ಆರೋಗ್ಯವಂತ ಗ್ರಂಥಿ ಸುಮ್ಮನಾಗಬೇಕು. ಹಾಗಾಗಿ ಕ್ಯಾಲ್ಸಿಯಂ 11.5 ಇದ್ದು ಪಿಟಿಎಚ್ ‘ನಾರ್ಮಲ್’ ಎಂದು ಅಚ್ಚಾಗಿದ್ದರೆ ಅದು ನಾರ್ಮಲ್ ಅಲ್ಲ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಕೆಲವು ಯಂತ್ರಗಳಲ್ಲಿ ಪಿಟಿಎಚ್ ಸುಳ್ಳಾಗಿ ಕಡಿಮೆ ತೋರುತ್ತದೆ, ಕೆಲ ದಿನ ಮೊದಲೇ ನಿಲ್ಲಿಸಿ. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೆ ಕ್ಯಾಲ್ಸಿಯಂ ಸುಳ್ಳಾಗಿ ಏರುತ್ತದೆ.

ಎಕ್ಸ್‌ರೇಯಲ್ಲೂ ಸುಳಿವುಗಳಿವೆ. ಹಲ್ಲಿನ ಬೇರಿನ ಸುತ್ತ ಇರುವ ತೆಳು ಬಿಳಿ ಗೆರೆ ಹಲವು ಹಲ್ಲುಗಳಲ್ಲಿ ಮಾಯವಾಗಿ, ದವಡೆಯ ಮೂಳೆ ತೇಯ್ದ ಗಾಜಿನಂತೆ ಮಸುಕಾಗಿರುತ್ತದೆ. ಬೆರಳುಗಳ ನಡುಗೆಣ್ಣಿನ ಪಕ್ಕದ ಮೂಳೆ ಸವೆದಿರುತ್ತದೆ. ರೋಗಿಯನ್ನು ಕೇಳಿದರೆ ಮೈಕೈ ನೋವು, ಮಲಬದ್ಧತೆ, ಸುಸ್ತು, ಮಂಕು, ಹಿಂದೆ ತೆಗೆಸಿದ ಕಿಡ್ನಿ ಕಲ್ಲು ಎಲ್ಲವೂ ಒಂದೊಂದಾಗಿ ಹೊರಬರುತ್ತವೆ.

ಕತ್ತಿನ ಗೆಡ್ಡೆ ತೆಗೆದರೆ ದವಡೆಯ ಗಂಟು ತಿಂಗಳುಗಳಲ್ಲಿ ತಾನಾಗಿಯೇ ಗಟ್ಟಿಯಾಗಿ ಮೂಳೆಯಾಗುವುದೇ ಹೆಚ್ಚು. ಆ ಶಸ್ತ್ರಕ್ರಿಯೆಯ ಮರುದಿನಗಳಲ್ಲಿ ಹಸಿದ ಮೂಳೆ ರಕ್ತದ ಕ್ಯಾಲ್ಸಿಯಂ ಅನ್ನೆಲ್ಲ ಹೀರಿಕೊಳ್ಳುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನಿಸಿ ಸ್ನಾಯು ಹಿಡಿದುಕೊಂಡರೆ ತಕ್ಷಣ ಆಸ್ಪತ್ರೆಗೆ ತಿಳಿಸಬೇಕು.

ಕೆರೆಯುವುದು, ಚುಚ್ಚುವುದು, ಕತ್ತರಿಸುವುದು

ರಕ್ತಪರೀಕ್ಷೆ ಸರಿಯಿದ್ದು, ಮೂಳೆಯೊಳಗಿನ ಗಂಟು ಚಿಕ್ಕದೂ ಸಾಧುವೂ ಆಗಿದ್ದರೆ ಕ್ಯುರೆಟ್‌ನಿಂದ ಪೂರ್ತಿ ಕೆರೆದು ತೆಗೆಯುವುದೇ ಮೊದಲ ಆಯ್ಕೆ. ಮರುಕಳಿಕೆ ವರದಿಯಿಂದ ವರದಿಗೆ ಶೇ. 11ರಿಂದ 49ರವರೆಗೆ ಇದೆ, ಬಹುಪಾಲು 15ರಿಂದ 20ರ ಆಸುಪಾಸು. ರೌದ್ರ ಸ್ವಭಾವದ್ದಾದರೆ ಅರ್ಧಕ್ಕಿಂತ ಹೆಚ್ಚು ಸಲ ಮರಳುತ್ತದೆ. ಅಂಥಲ್ಲಿ ಸುಮಾರು 5 ಮಿ.ಮೀ. ಆರೋಗ್ಯವಂತ ಮೂಳೆ ಸೇರಿಸಿ ಕತ್ತರಿಸಿ ತೆಗೆಯುವುದು ಖಚಿತ ದಾರಿ. ಆದರೆ ಹದಿನೈದರ ಹುಡುಗಿಯ ದವಡೆಯ ತುಂಡನ್ನೂ ನಾಲ್ಕಾರು ಹಲ್ಲುಗಳನ್ನೂ ತೆಗೆಯುವುದೆಂದರೆ ಮುಂದೆ ಮೂಳೆಕಸಿ, ಇಂಪ್ಲಾಂಟ್, ವರ್ಷಗಟ್ಟಲೆ ಓಡಾಟ. ಅದಕ್ಕಾಗಿಯೇ ಗಂಟನ್ನು ಕುಗ್ಗಿಸುವ ಔಷಧಗಳ ಹುಡುಕಾಟ ನಡೆದದ್ದು.

ಸುಲಭವೂ ಅಗ್ಗವೂ ಆದದ್ದು ಸ್ಟೀರಾಯ್ಡ್ ಚುಚ್ಚುಮದ್ದು. ಮಿ.ಲೀ.ಗೆ 10 ಮಿ.ಗ್ರಾಂ ಟ್ರಯಾಮ್ಸಿನೊಲೋನನ್ನು ಅಷ್ಟೇ ಅಳತೆಯ ಸ್ಥಳೀಯ ಅರಿವಳಿಕೆಯೊಂದಿಗೆ ಬೆರೆಸಿ, ಒಪಿಜಿಯಲ್ಲಿ ಕಾಣುವ ಪ್ರತಿ 2 ಸೆಂ.ಮೀ.ಗೆ 2 ಮಿ.ಲೀ.ಯಂತೆ ಗಂಟಿನೊಳಕ್ಕೆ, ವಾರಕ್ಕೊಮ್ಮೆ ಆರು ವಾರ. ಅಂಗಡಿಯಲ್ಲಿ 40 ಮಿ.ಗ್ರಾಂನದೂ ಸಿಗುತ್ತದೆ, ಸೀಸೆಯ ಮೇಲಿನ ಅಂಕಿ ಎರಡು ಸಲ ಓದಬೇಕು. ಕೆಲಸ ಮಾಡುತ್ತಿದೆಯೇ ಎಂಬುದು ಚುಚ್ಚುವ ಕೈಗೇ ಗೊತ್ತಾಗುತ್ತದೆ: ಮೊದಮೊದಲು ಸಲೀಸಾಗಿ ಹೋಗುತ್ತಿದ್ದ ಸೂಜಿ, ಒಳಗೆ ಮೂಳೆ ಕಟ್ಟತೊಡಗಿದಂತೆ ತಡೆಯುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಜಠರದ ಹುಣ್ಣು, ಟಿಬಿ ಅಥವಾ ಬೇರೆ ಸೋಂಕು ಇರುವವರಿಗೆ ಇದು ಹೊಂದುವುದಿಲ್ಲ.

ಮೂಳೆ ಕರಗುವುದನ್ನು ತಡೆಯುವ ಹಾರ್ಮೋನಾದ ಕ್ಯಾಲ್ಸಿಟೋನಿನ್ ತಾಳ್ಮೆಯ ದಾರಿ. ಚರ್ಮದಡಿ ದಿನಕ್ಕೆ 100 ಯೂನಿಟ್ ಅಥವಾ ಮೂಗಿಗೆ 200 ಯೂನಿಟ್ ಸಿಂಪರಣೆ, ಒಂದೂವರೆ ಎರಡು ವರ್ಷ. ಮೊದಲ ತಿಂಗಳುಗಳಲ್ಲಿ ಎಕ್ಸ್‌ರೇ ಬದಲಾಗುವುದೇ ಇಲ್ಲ, ಅಷ್ಟರಲ್ಲಿ ಅನೇಕರು ವಾಕರಿಕೆ ತಾಳದೆ ಬಿಟ್ಟುಬಿಡುತ್ತಾರೆ. ಇಂಟರ್‌ಫೆರಾನ್ ಚುಚ್ಚುಮದ್ದು ಶಸ್ತ್ರಕ್ರಿಯೆಯ ಜೊತೆಗಷ್ಟೇ ಕೊಡುವಂಥದ್ದು. ಜ್ವರ, ಮೈಕೈ ನೋವಿನ ಕಾಟ ಅದರ ಬೆನ್ನಿಗಿದೆ.

ಡೆನೊಸುಮ್ಯಾಬ್ ರ‍್ಯಾಂಕ್-ಎಲ್ ಕರೆಯನ್ನೇ ತಡೆಯುತ್ತದೆ. ಬಳಸುವ ಪ್ರಮಾಣ ನಾಲ್ಕು ವಾರಕ್ಕೊಮ್ಮೆ 120 ಮಿ.ಗ್ರಾಂ, ಮೊದಲ ತಿಂಗಳು 8 ಮತ್ತು 15ನೇ ದಿನ ಹೆಚ್ಚುವರಿ. ಫಲ ಚೆನ್ನಾಗಿದೆ, ಬೆಲೆಯೂ ಹಾಗೇ ಇದೆ. ಕ್ಯಾಲ್ಸಿಯಂ ಕುಸಿಯುವುದರಿಂದ ಮೊದಲೇ ಕ್ಯಾಲ್ಸಿಯಂ, ವಿಟಮಿನ್ ಡಿ ತುಂಬಿಸಿಕೊಳ್ಳಬೇಕು. ಔಷಧ ಶುರುವಾದ ಮೇಲೆ ಹಲ್ಲು ಕಿತ್ತರೆ ದವಡೆ ಮೂಳೆ ಸಾಯುವ ಅಪಾಯವಿದೆ, ಹಾಗಾಗಿ ಕೀಳುವುದಿದ್ದರೆ ಮುಂಚೆಯೇ ಮುಗಿಸಬೇಕು. ಗರ್ಭಿಣಿಯರಿಗೆ ಕೊಡುವಂತಿಲ್ಲ. ಬೆಳೆಯುವ ಮಕ್ಕಳಲ್ಲಿ ನಿಲ್ಲಿಸಿದ ತಿಂಗಳುಗಳ ನಂತರ ಕ್ಯಾಲ್ಸಿಯಂ ಇದ್ದಕ್ಕಿದ್ದಂತೆ ವಿಪರೀತ ಏರಿದ ಪ್ರಸಂಗಗಳಿವೆ. ವಾಂತಿ, ಬಾಯಾರಿಕೆ, ಮಂಕು ಕಂಡರೆ ಹೊಟ್ಟೆಯ ತೊಂದರೆ ಎಂದು ಸುಮ್ಮನಿರದೆ ರಕ್ತ ಪರೀಕ್ಷಿಸಬೇಕು.

ವಸಡಿನದಕ್ಕೆ ಒಂದು, ಮೂರು, ಆರು ತಿಂಗಳಿಗೆ, ಆಮೇಲೆ ವರ್ಷಕ್ಕೆ ತೋರಿಸಿದರೆ ಸಾಕು. ಮೂಳೆಯೊಳಗಿನದಕ್ಕೆ ಆರು ತಿಂಗಳಿಗೊಂದು ಒಪಿಜಿ, ನಂತರ ವರ್ಷಕ್ಕೊಂದರಂತೆ ಕನಿಷ್ಠ ಐದು ವರ್ಷ. ಮರಳುವುದಿದ್ದರೆ ಬಹುಪಾಲು ಮೊದಲ ಎರಡು ವರ್ಷಗಳಲ್ಲೇ ಮರಳುತ್ತದೆ. ಹಾಗೆ ಮರಳಿದರೆ ಎರಡನೇ ಶಸ್ತ್ರಕ್ರಿಯೆಗೆ ದಿನ ಗೊತ್ತುಮಾಡುವ ಮುನ್ನ, ಮೊದಲ ಸಲ ಸರಿಯಿದ್ದರೂ, ಕ್ಯಾಲ್ಸಿಯಂ ಮತ್ತು ಪಿಟಿಎಚ್ ಇನ್ನೊಮ್ಮೆ ಮಾಡಿಸಿ.